ಪ್ರಮೋಟರ್ ಪಟ್ಟಿ ಮತ್ತು ಸುಖಾಗಮನ ಬಯಸುವವರು

ಸುಲ್ತಾನ್‌ಪೇಟೆಯಲ್ಲಿ ಅಪ್ಪನದು ಮದುವೆ ಕಾರ್ಡ್ ಪ್ರಿಂಟ್ ಮಾಡುವ ಪುಟ್ಟ ಅಂಗಡಿ. ಬಿ.ಕಾಂ. ಆದಮೇಲೆ ಇನ್ನೊಂದು ವರ್ಷ ಓದುತ್ತೇನೆ ಅಂದಾಗ ಅವರು ಕೇಳಿದ್ದು ಒಂದೇ ಮಾತು. "ಮೂರು ವರ್ಷದ್ದು ನಾಲ್ಕು ಯಾವಾಗಮ್ಮ ಆಯ್ತು?"

ನಮ್ಮದು 2021ರಲ್ಲಿ ಸೇರಿದ ಬ್ಯಾಚ್, ಎನ್‌ಇಪಿಯ, ಅಂದರೆ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯ, ಮೊದಲ ಬ್ಯಾಚ್. ನಾಲ್ಕನೇ ವರ್ಷ ಓದಿದರೆ ಆನರ್ಸ್. 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೇ ವಾಪಸ್ ಹೋಯಿತು. ನಾವು ಬೇಕಿದ್ದರೆ ಮುಂದುವರಿಯಬಹುದಿತ್ತು. ಕ್ಲಾಸಿನಲ್ಲಿ ಉಳಿದುಕೊಂಡವರು ಏಳೇ ಜನ. ಮಿಕ್ಕವರು ಕೆಲಸ, ಸಿಎ, ಎಂಬಿಎ ಅಂತ ಹೊರಟರು.

ನನ್ನ ಥೀಸಿಸ್ ವಿಷಯ ಡಿವಿಡೆಂಡ್, ಅಂದರೆ ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು. ಅಪ್ಪನಿಗೆ ಹೇಳಿದ್ದು ಹೀಗೆ: ಕಂಪನಿಯ ಗಲ್ಲಾದಿಂದ ಮಾಲೀಕರ ಜೇಬಿಗೆ ದುಡ್ಡು ಹೋಗುವಾಗ ಸರ್ಕಾರ ಮಧ್ಯೆ ಕೈ ಹಾಕುತ್ತದೆ. 2020ರ ಮಾರ್ಚ್‌ವರೆಗೆ ಆ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು. ನೂರು ರೂಪಾಯಿ ಡಿವಿಡೆಂಡ್ ಕೊಟ್ಟರೆ ಸರ್ಕಾರಕ್ಕೆ ಮೇಲೆ 20 ರೂಪಾಯಿ 56 ಪೈಸೆ. ಏಪ್ರಿಲ್ 1ರಿಂದ ಆ ತೆರಿಗೆ ಹೋಯಿತು. ಇನ್ನು ಮೇಲೆ ಡಿವಿಡೆಂಡ್ ಪಡೆದವರೇ ತಮ್ಮ ಸ್ಲ್ಯಾಬ್ ಪ್ರಕಾರ ಕಟ್ಟಬೇಕು. ದೊಡ್ಡ ಪ್ರಮೋಟರ್‌ಗಳು, ಅಂದರೆ ಕಂಪನಿ ಕಟ್ಟಿ ಹಿಡಿತ ಇಟ್ಟುಕೊಂಡವರು, ಮೇಲಿನ ಸ್ಲ್ಯಾಬಿನವರು. ಅವರಿಗೆ ಹೊರೆ ಜಾಸ್ತಿ. ಹಾಗಾದರೆ ಅವರ ಕಂಪನಿಗಳು ಡಿವಿಡೆಂಡ್ ಕಡಿಮೆ ಮಾಡಿರಬೇಕು, ಅಲ್ವಾ?

"ಗಲ್ಲಾನೂ ನಂದೇ, ಜೇಬೂ ನಂದೇ. ಮಧ್ಯೆ ಎಂಥ ತೆರಿಗೆ?" ಅಂದರು ಅಪ್ಪ. ಮಿಲ್ಲರ್ ಮತ್ತು ಮೊಡಿಗ್ಲಿಯಾನಿ ಅನ್ನುವ ಅರ್ಥಶಾಸ್ತ್ರಜ್ಞರು 1961ರಲ್ಲಿ ಬರೆದದ್ದೂ ಸುಮಾರಾಗಿ ಇದೇ ದಾರಿಯದು. ತೆರಿಗೆ ಇಲ್ಲದ, ಖರ್ಚಿಲ್ಲದ ಮಾರುಕಟ್ಟೆಯಲ್ಲಿ ದುಡ್ಡು ಗಲ್ಲಾದಲ್ಲಿದ್ದರೂ ಒಂದೇ, ಜೇಬಿನಲ್ಲಿದ್ದರೂ ಒಂದೇ. ತೆರಿಗೆ ಬಂದ ಕೂಡಲೇ ಕತೆ ಬೇರೆ. ಅಪ್ಪನಿಗೆ ಇದನ್ನು ಹೇಳಿದೆ. ಅವರಿಗೇನೂ ಆಶ್ಚರ್ಯ ಆಗಲಿಲ್ಲ.

ಎರಡು ವರ್ಷಗಳ ಅಂಕಿ ಹಾಕಿ, ಬಾರ್ ಚಾರ್ಟ್ ಬರೆದು, ಖುಷಿಯಾಗಿ ಗೈಡ್ ಮೇಡಂ ಹತ್ತಿರ ಹೋದೆ. 2019-20ಕ್ಕಿಂತ 2020-21ರಲ್ಲಿ ನನ್ನ ಪಟ್ಟಿಯ ಕಂಪನಿಗಳು ಕಡಿಮೆ ಕೊಟ್ಟಿದ್ದವು. ಮೇಡಂ ಅರ್ಧ ನಿಮಿಷ ನೋಡಿದರು. "ಇದು ಕೊರೊನಾ ಅಲ್ಲ ಅಂತ ಹೇಗೆ ಹೇಳ್ತೀಯ?"

ಹೇಳೋಕೆ ಆಗಲ್ಲ. ಲಾಕ್‌ಡೌನ್ ಶುರುವಾದದ್ದು ಮಾರ್ಚ್ 25, ತೆರಿಗೆ ಬದಲಾದದ್ದು ಏಪ್ರಿಲ್ 1. ಮಧ್ಯೆ ಒಂದು ವಾರ. ಅದೂ ಸಾಲದು ಅಂತ ಬಜೆಟ್ ಬಂದದ್ದು ಫೆಬ್ರವರಿ 1ಕ್ಕೆ. ಸುದ್ದಿ ಕೇಳಿದ ಎಷ್ಟೋ ಕಂಪನಿಗಳು ಹಳೇ ತೆರಿಗೆಯಲ್ಲೇ ಮುಗಿಸೋಣ ಅಂತ ಫೆಬ್ರವರಿ, ಮಾರ್ಚ್‌ನಲ್ಲೇ ಮಧ್ಯಂತರ ಡಿವಿಡೆಂಡ್ ಹಂಚಿಬಿಟ್ಟಿದ್ದವು. ಅಂದರೆ ಹಳೇ ವರ್ಷದ ಅಂಕಿ ಉಬ್ಬಿತ್ತು, ಹೊಸ ವರ್ಷದ್ದು ಕುಗ್ಗಿತ್ತು. ನನ್ನ ಚಾರ್ಟ್‌ಗೆ ಅರ್ಥವೇ ಇರಲಿಲ್ಲ. ಅವತ್ತು ಚಿಕ್ಕಪೇಟೆ ಮೆಟ್ರೋ ಸ್ಟೇಷನ್‌ನಲ್ಲಿ ಇಳಿಯೋದನ್ನೂ ಮರೆತು ಮೆಜೆಸ್ಟಿಕ್‌ವರೆಗೆ ಹೋದೆ.

ದಾರಿ ತೋರಿಸಿದ್ದೂ ಮೇಡಮ್ಮೇ. ಕೊರೊನಾ ಎಲ್ಲರಿಗೂ ಬಂತು. ತೆರಿಗೆಯ ಏಟು ಮಾತ್ರ ಎಲ್ಲರಿಗೂ ಒಂದೇ ಸಮ ಬೀಳಲಿಲ್ಲ. ಷೇರನ್ನು ಸ್ವಂತ ಹೆಸರಿನಲ್ಲಿ ಇಟ್ಟುಕೊಂಡ ಪ್ರಮೋಟರ್‌ಗೆ ಜೋರು, ಇನ್ನೊಂದು ಕಂಪನಿಯ ಮೂಲಕ ಇಟ್ಟುಕೊಂಡವರಿಗೆ ಅಷ್ಟಿಲ್ಲ. ಮೊದಲ ಗುಂಪಿನಲ್ಲಿ ಆದ ಬದಲಾವಣೆಯಿಂದ ಎರಡನೆಯದರಲ್ಲಿ ಆದ ಬದಲಾವಣೆಯನ್ನು ಕಳೆ. ಉಳಿದದ್ದು ತೆರಿಗೆಯದು. ಡಿಫರೆನ್ಸ್ ಇನ್ ಡಿಫರೆನ್ಸಸ್ ಅನ್ನುವ ದೊಡ್ಡ ಹೆಸರಿನ ಹಿಂದೆ ಇರೋದು ಇಷ್ಟೇ, ಎರಡು ಸಲ ಕಳೆಯೋದು.

ಆಗ ಶುರುವಾಯಿತು ನಿಜವಾದ ಕೆಲಸ. ಲಿಸ್ಟ್ ಆದ ಪ್ರತಿ ಕಂಪನಿಯೂ ಮೂರು ತಿಂಗಳಿಗೊಮ್ಮೆ ಯಾರ ಹತ್ತಿರ ಎಷ್ಟು ಷೇರಿದೆ ಅಂತ ಷೇರುಪೇಟೆಗೆ ಕೊಡಬೇಕು. ಆ ಪಟ್ಟಿಗಳನ್ನು ಒಂದೊಂದಾಗಿ ತೆಗೆದು ಓದಿದೆ. ಒಂದು ಕುಟುಂಬದ ಕಂಪನಿಯ ಪ್ರಮೋಟರ್ ಪಟ್ಟಿ ತೆಗೆದರೆ ಅಜ್ಜಿ, ಅಣ್ಣ ತಮ್ಮಂದಿರು, ಸೊಸೆಯಂದಿರು, ಮೊಮ್ಮಕ್ಕಳು, ಮೇಲೆ ಎರಡು ಎಚ್‌ಯುಎಫ್, ಅಂದರೆ ಹಿಂದೂ ಅವಿಭಕ್ತ ಕುಟುಂಬಗಳು. ಥೇಟ್ ನಮ್ಮ ಅಂಗಡಿಯ ಕಾರ್ಡ್‌ನಲ್ಲಿ 'ಸುಖಾಗಮನ ಬಯಸುವವರು' ಅಂತ ಕೆಳಗೆ ಬರುವ ಹೆಸರುಗಳ ಸಾಲು! ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಓದಿ, "ಈ ಮನೇಲಿ ಭಾಗ ಆಗಿದೆ ಕಣಮ್ಮ. ಎರಡನೇ ಮಗನ ಕಡೆಯವರ ಹೆಸರೇ ಇಲ್ಲ," ಅಂದರು. ಹಳೇ ಪಟ್ಟಿಗಳನ್ನು ತೆಗೆದು ನೋಡಿದೆ. ಮೂರು ವರ್ಷ ಹಿಂದೆ ಅವರ ಹೆಸರಿತ್ತು.

ಟ್ರಸ್ಟ್‌ಗಳು ಮಾತ್ರ ತಲೆ ತಿಂದವು. ಅವುಗಳನ್ನು ಯಾವ ಗುಂಪಿಗೆ ಹಾಕೋದು? ಕೊನೆಗೆ ಬಿಟ್ಟುಬಿಟ್ಟೆ, ಬಿಟ್ಟಿದ್ದೇನೆ ಅಂತ ಬರೆದೆ.

ಇನ್ನೊಂದು ತಪ್ಪು ಸಿಕ್ಕಿದ್ದು ಡಿಸೆಂಬರ್‌ನಲ್ಲಿ. ವರ್ಷಕ್ಕೆ 10 ಲಕ್ಷಕ್ಕಿಂತ ಜಾಸ್ತಿ ಡಿವಿಡೆಂಡ್ ಬರುವವರು 2016ರ ಬಜೆಟ್ ಆದಮೇಲೆ ಮೇಲಿನ ಮೊತ್ತಕ್ಕೆ ಶೇ. 10ರಷ್ಟು ತಾವೇ ಕಟ್ಟುತ್ತಿದ್ದರು. ನಾನು ಅದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಅಂದರೆ ದೊಡ್ಡವರಿಗೆ ಹೊಸದಾಗಿ ಬಿದ್ದ ಏಟು ನಾನು ಅಂದುಕೊಂಡಷ್ಟು ದೊಡ್ಡದಲ್ಲ. ಜೊತೆಗೆ ಕಂಪನಿಗಳಿಗೆ ಡಿವಿಡೆಂಡ್ ಇಳಿಸೋದು ಅಂದರೆ ಆಗಲ್ಲ. ಲಿಂಟ್ನರ್ ಅನ್ನುವ ಅರ್ಥಶಾಸ್ತ್ರಜ್ಞರು 1956ರಲ್ಲೇ ಮ್ಯಾನೇಜರ್‌ಗಳನ್ನು ಮಾತಾಡಿಸಿ ಇದನ್ನು ಬರೆದಿದ್ದಾರೆ. ಏಟು ಚಿಕ್ಕದು, ಅಂಕಿ ಜಗ್ಗದ್ದು. ಒಂದು ವರ್ಷದ ಡೇಟಾದಲ್ಲಿ ಏನು ತಾನೇ ಕಾಣುತ್ತೆ?

ಕಾಣಲಿಲ್ಲ. ಉತ್ತರ ನಾನು ಹೇಳಿದ ದಿಕ್ಕಿನಲ್ಲೇ ಬಂತು, ಆದರೆ ಟೇಬಲ್‌ನಲ್ಲಿ ಒಂದೂ ನಕ್ಷತ್ರ ಬೀಳಲಿಲ್ಲ. ಉತ್ತರ ಬರೀ ಆಕಸ್ಮಿಕ ಇರಲಿಕ್ಕಿಲ್ಲ ಅನ್ನೋದಕ್ಕೆ ಅಂಕಿಯ ಪಕ್ಕ ಹಾಕುವ ಗುರುತು ಅದು. ಅಳು ಬಂತು, ಸುಳ್ಳು ಯಾಕೆ. ನಾಲ್ಕೈದು ಕಂಪನಿ ತೆಗೆದುಹಾಕಿದರೆ ನಕ್ಷತ್ರ ಬರುತ್ತಿತ್ತು. ತೆಗೆದು ನೋಡಿದೆ ಕೂಡ. ಆಮೇಲೆ ವಾಪಸ್ ಸೇರಿಸಿದೆ. "ಯಾಕೆ ತೆಗೆದೆ?" ಅಂತ ಮೇಡಂ ಕೇಳೋದು ಕಿವಿಯಲ್ಲೇ ಕೇಳಿಸುತ್ತಿತ್ತು.

ಥೀಸಿಸ್ ಮುಖಪುಟಕ್ಕೆ ಬಂಗಾರದ ಅಕ್ಷರ ಹಾಕಿದ್ದು ಅಪ್ಪ. ಫಾಯಿಲ್ ಒತ್ತುತ್ತಾ ಕೇಳಿದರು, "ಕೊನೆಗೆ ಕಡಿಮೆ ಮಾಡಿದ್ರಾ, ಇಲ್ವಾ?"

"ಮಾಡಿದ ಹಾಗೆ ಕಾಣುತ್ತಪ್ಪ. ಗ್ಯಾರಂಟಿ ಹೇಳೋಕಾಗಲ್ಲ."

"ಹ್ಞೂಂ. ಎಷ್ಟು ಕಾಪಿ?"

"ನಾಲ್ಕು."

ಅಪ್ಪ ನೂರಕ್ಕಿಂತ ಕಡಿಮೆ ಆರ್ಡರ್ ತಗೊಂಡಿದ್ದು ಅದೇ ಮೊದಲು.