ಊದಿದ ವಸಡು, ಹಳದಿ ಬ್ರಷ್

14 ಜೂನ್ 2024, ಶುಕ್ರವಾರ ರಾತ್ರಿ

ಬಲಗಡೆ ಕೆಳದವಡೆ, ಕೊನೆಯಿಂದ ಎರಡನೇ ಹಲ್ಲು. ಮೂರು ದಿನದಿಂದ ನನ್ನ ಧ್ಯಾನವೆಲ್ಲ ಅಲ್ಲೇ. ವಸಡು ಕೆಂಪಗೆ ಊದಿದೆ. ನಾಲಿಗೆಯಾದರೂ ಸುಮ್ನೆ ಇರುತ್ತಾ? ಐದು ನಿಮಿಷಕ್ಕೊಮ್ಮೆ ಹೋಗಿ ಮುಟ್ಟಿ ಬರುತ್ತದೆ.

ಬುಧವಾರ ಮಾಡಿದ ಪೆದ್ದು ಕೆಲಸವನ್ನು ಬರೆದಿಡಲೇಬೇಕು. ಲವಂಗದ ಎಣ್ಣೆಯಲ್ಲಿ ಹತ್ತಿ ಅದ್ದಿ ನೇರವಾಗಿ ವಸಡಿಗೆ ಒತ್ತಿಕೊಂಡೆ. ಜಾಗ ಮರಗಟ್ಟಿತು. ಆಹಾ ಅನ್ನುವಷ್ಟರಲ್ಲಿ ಉರಿ ಶುರುವಾಯಿತು. ಸಂಜೆ ಕನ್ನಡಿಯಲ್ಲಿ ನೋಡಿದರೆ ಅಲ್ಲಿ ಬೆಳ್ಳಗೆ ಸುಟ್ಟ ಗುರುತು. ಅಮ್ಮನಿಗೆ ಫೋನ್ ಮಾಡಿದೆ.

“ಎಣ್ಣೇನ ಹಾಗೇ ಹಚ್ಚಿಕೊಂಡ್ಯಾ?”

“ಹೂಂ.”

“ಒಂದು ಚಮಚ ಕೊಬ್ಬರಿ ಎಣ್ಣೆಗೆ ಎರಡು ತೊಟ್ಟು ಹಾಕಿ ಹಚ್ಚೋದು ಕಣೋ ಅದನ್ನ!”

ಲವಂಗದಲ್ಲಿರುವ ಯೂಜಿನಾಲ್ ನಿಜಕ್ಕೂ ನೋವನ್ನು ಮರಗಟ್ಟಿಸುತ್ತದೆ. ದಂತವೈದ್ಯರೂ ತಾತ್ಕಾಲಿಕವಾಗಿ ಹಲ್ಲು ತುಂಬಲು ಅದನ್ನು ಬಳಸುತ್ತಾರೆ. ಆದರೆ ಅಷ್ಟು ಗಟ್ಟಿ ಎಣ್ಣೆಯನ್ನು ವಸಡಿನ ಚರ್ಮ ತಡೆಯುವುದಿಲ್ಲ. ನನಗಂತೂ ಪಾಠ ಆಯಿತು.

ನಿನ್ನೆಯಿಂದ ಉಪ್ಪುನೀರು. ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಅರ್ಧ ನಿಮಿಷ ಬಾಯಲ್ಲಿ ಆಡಿಸಿ ಉಗಿಯುವುದು, ದಿನಕ್ಕೆ ಮೂರು ಸಲ. ಎಷ್ಟು ಸಪ್ಪೆ ಮದ್ದು, ಅಲ್ವಾ? ಆದರೆ ಎಲ್ಲದರಲ್ಲೂ ಹೆಚ್ಚು ಹಿತ ಕೊಟ್ಟಿದ್ದು ಇದೇ. ಊತ ಸ್ವಲ್ಪ ಇಳಿಯಿತು, ಸಂದಿಯಲ್ಲಿ ಕೂತಿದ್ದ ಚೂರುಪಾರು ಕೂಡ ಹೊರಬಂತು.

ಅರಿಶಿನವನ್ನೂ ಬಿಡಲಿಲ್ಲ. ನೀರಲ್ಲಿ ಕಲಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆದೆ. ಊತಕ್ಕೆ ಒಳ್ಳೆಯದು ಅನ್ನುವುದು ಸುಳ್ಳಲ್ಲ. ಆದರೆ ಬ್ರಷ್, ಬೆರಳು, ಬಿಳಿ ಅಂಗಿಯ ಕಾಲರ್ ಎಲ್ಲವೂ ಹಳದಿ. ಲೋಳೆಸರ ತಂಪಾಗಿತ್ತು. ಎಲೆ ಕತ್ತರಿಸಿದಾಗ ಇಳಿಯುವ ಹಳದಿ ರಸವನ್ನು ಮೊದಲು ತೊಳೆಯಬೇಕು, ಅದು ಹೊಟ್ಟೆಗೆ ಹೋದರೆ ಭೇದಿ. ಸೀಬೆ ಎಲೆಯ ಕಷಾಯದಿಂದಲೂ ಮುಕ್ಕಳಿಸಿದೆ. ಒಗರು, ಒಗರು. ವಸಡು ಬಿಗಿಯಾದ ಹಾಗೆ ಅನ್ನಿಸಿದ್ದು ಆ ಒಗರಿಗೇ.

ಇವತ್ತು ನೋವು ಅರ್ಧಕ್ಕರ್ಧ ಕಡಿಮೆ. ಸರಿಹೋಯಿತು ಬಿಡು ಅಂದುಕೊಂಡೆ. ಆಗ ನೆನಪಾಯಿತು: ಹೋದ ವರ್ಷವೂ ಇದೇ ಹಲ್ಲು, ಇದೇ ಉಪ್ಪುನೀರು, ಇದೇ “ಬಿಡು”. ನಡುವೆ ಎಷ್ಟೋ ಸಲ ಬ್ರಷ್‌ನಲ್ಲಿ ರಕ್ತ ಕಂಡಿತ್ತು. ಗಟ್ಟಿಯಾಗಿ ಉಜ್ಜಿದ್ದಕ್ಕೆ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಈ ಸಲ ಆ ಕಡೆ ಉಜ್ಜುವುದನ್ನೇ ಎರಡು ದಿನ ಬಿಟ್ಟಿದ್ದೆ. ಅದಂತೂ ಪೂರ್ತಿ ಉಲ್ಟಾ ಕೆಲಸ.

ಟಾರ್ಚ್ ಹಿಡಿದು ನೋಡಿದೆ. ಹಲ್ಲಿನ ಬುಡದಲ್ಲಿ ಹಳದಿ ಗೆರೆ. ಉಗುರಿನಿಂದ ಕೆರೆದರೂ ಬರಲಿಲ್ಲ. ಮೆತ್ತಗಿನ ಪಾಚಿಯಾದರೆ ಬ್ರಷ್‌ಗೆ ಹೋಗುತ್ತದೆ. ಹೀಗೆ ಕಲ್ಲಾದ ಮೇಲೆ ಲವಂಗಕ್ಕೂ ಬಗ್ಗುವುದಿಲ್ಲ, ಅರಿಶಿನಕ್ಕೂ ಬಗ್ಗುವುದಿಲ್ಲ. ವೈದ್ಯರ ಹತ್ತಿರ ಹೋಗಿ ಕ್ಲೀನ್ ಮಾಡಿಸಲೇಬೇಕು. ವಸಡು ಬರೀ ಊದಿರುವಾಗ ಹೋದರೆ ಮೊದಲಿನ ಹಾಗೆ ಆಗುತ್ತದೆ. ಒಳಗಿನ ಮೂಳೆ ಸವೆದರೆ ಅದು ತಾನಾಗಿ ವಾಪಸ್ ಬರುವುದಿಲ್ಲ. ಮದ್ದುಗಳ ಮೇಲೆ ನನಗೆ ಸಿಟ್ಟಿಲ್ಲ, ಮೂರು ರಾತ್ರಿ ದಾಟಿಸಿದ್ದು ಅವೇ. ಚೆನ್ನಾಗಿ ಕೆಲಸ ಮಾಡಿದ್ದರಿಂದಲೇ ನಾನು ಒಂದು ವರ್ಷ ಮುಂದೂಡಿದೆ.

ಸೋಮವಾರ ಹತ್ತೂವರೆಗೆ ಸಮಯ ತಗೊಂಡಿದ್ದೇನೆ. ಅಷ್ಟರಲ್ಲಿ ಕೀವು, ಜ್ವರ ಅಥವಾ ಕೆನ್ನೆ ಊತ ಕಂಡರೆ ಕಾಯದೆ ಬನ್ನಿ ಅಂದರು. ಅಲ್ಲಿಯವರೆಗೆ ಉಪ್ಪುನೀರು, ಮೆತ್ತಗೆ ಹಲ್ಲುಜ್ಜುವುದು. ಬ್ರಷ್ ಮಾತ್ರ ಹೊಸದು ಬೇಕು. ಈ ಹಳದಿ ಬ್ರಷ್ ಹಿಡಿದು ಬಾಯಿಗೆ ಇಟ್ಟುಕೊಳ್ಳಲು ಮನಸ್ಸೇ ಬರುತ್ತಿಲ್ಲ.