ಎರಡು ಗೆರೆ

ಜುಲೈ 19, 2024, ಶುಕ್ರವಾರ
ಕಾಸರಗೋಡು, ರಾತ್ರಿ 11 ಕಳೆದಿದೆ

ನೀಲಿ ಪೆನ್ನಿನಲ್ಲಿ 64. ಅದರ ಕೆಳಗೆ ಎರಡು ಗೆರೆ, ಎರಡನೆಯದು ಕಾಗದ ಹರಿಯುವಷ್ಟು ಒತ್ತಿ ಎಳೆದದ್ದು. ಬೆಳಗ್ಗಿನಿಂದ ಆ ಚಾರ್ಟು ಕಣ್ಣೆದುರಿಂದ ಹೋಗುವುದಿಲ್ಲ.

ಏಳು ತಿಂಗಳ ಕೂಸು. (ಊರು ಬರೆಯುವ ಹಾಗಿಲ್ಲ, ಗುಡ್ಡದ ಕಡೆ ಅಂತ ಇಟ್ಟುಕೊಳ್ಳಿ.) ಶೀತ ಎದೆಗಿಳಿದು ಬ್ರಾಂಕಿಯೋಲೈಟಿಸ್, ಅಂದರೆ ಎದೆಯೊಳಗಿನ ಸಣ್ಣ ಉಸಿರುನಾಳಗಳು ಊದಿಕೊಳ್ಳುವುದು. ಮಳೆ ಹಿಡಿದರೆ ನಮ್ಮಲ್ಲಿ ಅರ್ಧ ವಾರ್ಡು ಇದೇ. ಆ ವಯಸ್ಸಿನ ಕೂಸು ನಿಮಿಷಕ್ಕೆ 50 ಸಲ ಉಸಿರಾಡಿದರೇ ಜೋರಾಯಿತು. 64 ಅಂತ ಬರೆದದ್ದು ರಾತ್ರಿ 2 ಗಂಟೆಗೆ. ಡಾಕ್ಟರಿಗೆ ಫೋನ್ ಹೋದದ್ದು ನಾಲ್ಕೂಕಾಲಿಗೆ. ಅದೂ ಕೂಸಿನ ಅಜ್ಜಿ ಎದ್ದು ಬಂದು ಮೇಜು ತಟ್ಟಿ ತುಳುವಿನಲ್ಲಿ 'ಬಾಲೆ ಪೇರ್ ಪರ್ಪುಜಿ', ಕೂಸು ಹಾಲು ಕುಡಿಯುವುದಿಲ್ಲ, ಅಂದ ಮೇಲೆ.

ಕೂಸು ಬಚಾವ್. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅಕ್ಕ ಇದನ್ನು ಓದಿ ಈಗಲೇ ಫೋನ್ ಮಾಡುತ್ತಾಳೆ. ಐಸಿಯುನಲ್ಲಿ ಹೈ ಫ್ಲೋ ಆಕ್ಸಿಜನ್ ಹಾಕಿದ್ದಾರೆ. ಸಂಜೆ ನೋಡುವಾಗ 46ಕ್ಕೆ ಇಳಿದಿತ್ತು, ನನ್ನ ಸ್ಟೆತಸ್ಕೋಪ್ ಹಿಡಿದು ಎಳೆಯಿತು.

ಆ ಚಾರ್ಟು ತಂದದ್ದು ನಾನೇ. ಬಾಗಿಲಿಗೆ ಮೆಡಿಕಲ್ ಸುಪರಿಂಟೆಂಡೆಂಟ್ ಅಂತ ಬೋರ್ಡು ಬಿದ್ದ ಮೊದಲ ವಾರವೇ. ಇಂಗ್ಲೆಂಡಿನ ಬ್ರೈಟನ್ನಿನ ಮಕ್ಕಳ ಆಸ್ಪತ್ರೆಯ ಅಲನ್ ಮೊನಹನ್ 2005ರಲ್ಲಿ ಪ್ರಕಟಿಸಿದ ಲೆಕ್ಕ ಅದು. ಮಗುವಿನ ವರ್ತನೆ, ಮೈಬಣ್ಣ ಮತ್ತು ರಕ್ತಸಂಚಾರ, ಉಸಿರು, ಈ ಮೂರಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಕೂಡಿಸಿ ನಾಲ್ಕು ಬಂತೋ, ಡಾಕ್ಟರಿಗೆ ಫೋನು. ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಬರೆಸಿ ಲ್ಯಾಮಿನೇಟ್ ಮಾಡಿಸಿದ್ದೆ. ಮೀಟಿಂಗಿನಲ್ಲಿ ಅದರ ಫೋಟೋ ತೋರಿಸಿ ಚಪ್ಪಾಳೆ ಬೇರೆ ಗಿಟ್ಟಿಸಿದ್ದೆ. ನಿನ್ನೆ ರಾತ್ರಿ ಕೂಸಿನ ಅಂಕ ಐದು. ಅದನ್ನೂ ರಾತ್ರಿ ಡ್ಯೂಟಿಯ ಸಿಸ್ಟರ್ ಸರಿಯಾಗಿಯೇ ಕೂಡಿಸಿದ್ದಾಳೆ.

ಡ್ಯೂಟಿ ಮುಗಿಸಿ, ರೈನ್‌ಕೋಟು ಕೈಯಲ್ಲಿ ಹಿಡಿದುಕೊಂಡೇ ಬಂದಳು. ಪಯ್ಯನ್ನೂರು ಕಡೆಯವಳು, ಕನ್ನಡ ಮಂಗಳೂರಿನ ನರ್ಸಿಂಗ್ ಕಾಲೇಜಿನಲ್ಲಿ ಕಲಿತದ್ದು. ಬೈಯಲಿಕ್ಕೆ ಅಂತಲೇ ಕರೆದದ್ದು ನಾನು, ಸುಳ್ಳು ಯಾಕೆ.

"ಎಣಿಸಿದ್ದು ಸರಿ ಉಂಟಲ್ವಾ ಸಿಸ್ಟರ್?"

"ಪೂರ್ತಿ ಒಂದು ನಿಮಿಷ ಎಣಿಸಿದೆ ಮೇಡಂ. ಎರಡು ಸರ್ತಿ."

"ಮತ್ತೆ ಫೋನ್ ಯಾಕೆ ಮಾಡ್ಲಿಲ್ಲ?"

ರೈನ್‌ಕೋಟಿನಿಂದ ನೆಲಕ್ಕೆ ನೀರು ಇಳಿಯುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

"ಹೋದ ವಾರ ಒಂದೂವರೆಗೆ ಮಾಡಿದ್ದೆ. ಜ್ವರಕ್ಕೆಲ್ಲ ನನ್ನನ್ನು ಎಬ್ಬಿಸುವುದಾ ಅಂತ ಕೇಳಿದ್ರು ಸರ್. ಮರುದಿನ ರೌಂಡ್ಸಲ್ಲಿ ಎಲ್ಲರೆದುರು ಇನ್ನೊಮ್ಮೆ."

ಯಾವ ಸರ್ ಅಂತ ಕೇಳಬೇಕಾಗಿರಲಿಲ್ಲ. ಅವರ ಬಾಯಿ ಜೋರು, ಕೈ ಬಂಗಾರ. ನಾನು ಮಾತಾಡ್ತೇನೆ ಅಂದೆ, ಸ್ವಲ್ಪ ದೊಡ್ಡ ದನಿಯಲ್ಲಿಯೇ.

"ಅವ್ರು ಮಾತ್ರ ಅಲ್ಲ ಮೇಡಂ. ಬೇಜಾರು ಮಾಡ್ಬೇಡಿ. ಮೇ ತಿಂಗಳಲ್ಲಿ ನಿಮಗೇ ಮಾಡಿದ್ದೆ. ಫೋನ್ ತೆಗೆದ ಕೂಡಲೇ 'ಈಗ ಎಂತ?' ಅಂದ್ರಿ."

"ಆಮೇಲೆ ಬಂದೆ ಅಲ್ವಾ?"

"ಬಂದ್ರಿ. ಹತ್ತೇ ನಿಮಿಷದಲ್ಲಿ ಬಂದ್ರಿ." ಸ್ವಲ್ಪ ಹೊತ್ತು ಬಿಟ್ಟು ಮಲಯಾಳದಲ್ಲಿ ಹೇಳಿದಳು, "ಪೇಡಿಯಾಣ್ ಮೇಡಂ." ಹೆದರಿಕೆ ಅಂತ.

ಮೇ ತಿಂಗಳ ಆ ಫೋನ್ ನನಗೆ ನೆನಪೇ ಇಲ್ಲ. ಎಷ್ಟು ತಲೆ ಕೆರೆದುಕೊಂಡರೂ ಇಲ್ಲ. ನಮ್ಮ ಕಡೆ ಎಂತ ಅನ್ನದೆ ಯಾರು ಮಾತು ಶುರು ಮಾಡುತ್ತಾರೆ ಮಾರಾಯ್ರೆ? ಮೀನು ಮಾರುವವನಿಗೂ ಎಂತ, ದೇವಸ್ಥಾನದ ಭಟ್ಟರಿಗೂ ಎಂತ. ಆದರೆ ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ ನಾನು ಅಂದ 'ಎಂತ' ಹೇಗಿರುತ್ತದೆ ಅಂತ ಮನೆಯಲ್ಲಿ ಕೇಳಿದೆ. ಇವರು ಪೇಪರಿನಿಂದ ತಲೆ ಎತ್ತದೆ, "ಅದು ಪ್ರಶ್ನೆ ಅಲ್ಲ, ಬಾಗಿಲು ಹಾಕುವ ಶಬ್ದ" ಅಂದರು. ಹದಿನಾಲ್ಕು ವರ್ಷ ಹೇಳದೆ ಇಟ್ಟುಕೊಂಡಿದ್ದರು ಅಂತ ಕಾಣುತ್ತದೆ.

ಮಧ್ಯಾಹ್ನ ಟ್ರಸ್ಟಿನವರ ಮೀಟಿಂಗು. 40 ಹಾಸಿಗೆ ಇನ್ನು 90 ಆಗಬೇಕು. ನಾಲ್ಕನೇ ಮಾಳಿಗೆಗೆ ಟೈಲ್ಸ್ ಆರಿಸಲಿಕ್ಕೇ ಮುಕ್ಕಾಲು ಗಂಟೆ, ಬಾತುಕೋಳಿ ಚಿತ್ರದ್ದೋ, ಮೀನಿನದ್ದೋ. "ಇನ್ನು ನಮ್ಮ ಮಕ್ಕಳು ಮಂಗಳೂರಿಗೆ ಓಡುವುದು ಬೇಡ" ಅಂದರು ಅಧ್ಯಕ್ಷರು. ಅದನ್ನು ನಾನು ಒಪ್ಪುತ್ತೇನೆ. 2020ರ ಮಾರ್ಚಿನ ಲಾಕ್‌ಡೌನಿನಲ್ಲಿ ಕರ್ನಾಟಕದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು, ತಲಪಾಡಿಯಲ್ಲಿ ಆಂಬುಲೆನ್ಸ್ ತಡೆದದ್ದನ್ನು ನಾವು ಯಾರೂ ಮರೆತಿಲ್ಲ. ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಜಿಲ್ಲೆ ಇದು. ಪಡ್ರೆ, ಸ್ವರ್ಗ ಎಂಬ ಊರುಗಳ ಮನೆಗಳಲ್ಲಿ ಮಲಗಿದಲ್ಲೇ ದೊಡ್ಡವರಾದ ಮಕ್ಕಳನ್ನು ನೋಡಿದವಳಿಗೆ ಇಲ್ಲಿ ಮಕ್ಕಳ ಆಸ್ಪತ್ರೆ ಯಾಕೆ ಬೇಕು ಅಂತ ಯಾರೂ ಭಾಷಣ ಮಾಡಬೇಕಾಗಿಲ್ಲ.

ನಾನು ಕೇಳಿದ್ದು ಒಂದೇ. ಈಗಲೇ ರಾತ್ರಿ ವಾರ್ಡಿನಲ್ಲಿ 18 ಮಕ್ಕಳಿಗೆ ಇಬ್ಬರು ಸಿಸ್ಟರುಗಳು. ಮೇಲಿನ ಮಾಳಿಗೆಗೆ ಎಷ್ಟು ಜನ?

"ನರ್ಸುಗಳಿಗೆ ಎಂತ ಬರಗಾಲ ಮೇಡಂ, ಕೇರಳದಲ್ಲಿ!"

ಬರಗಾಲ ಇಲ್ಲ, ನಿಜ. ಎರಡು ವರ್ಷದ ಅನುಭವದ ಸರ್ಟಿಫಿಕೇಟ್ ಕೈಗೆ ಬಂದ ದಿನ ಗಲ್ಫಿಗೋ ಇಂಗ್ಲೆಂಡಿಗೋ ಹತ್ತುತ್ತಾರೆ. ನಮ್ಮ ಈ ಸಿಸ್ಟರೂ ಒಇಟಿ, ಹೊರದೇಶದ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಪರೀಕ್ಷೆ, ಬರೆದು ಕೂತಿದ್ದಾಳೆ. ಬ್ರೈಟನ್ನಿಗೇ ಹೋದರೂ ಹೋದಳು. ಅಲ್ಲಿ ಎರಡು ಗಂಟೆಗೆ ಫೋನ್ ತೆಗೆದವರು ಏನನ್ನುತ್ತಾರೋ.

ಕರೆಂಟಿಲ್ಲ. ಅತ್ತೆ ಮಾಡಿಟ್ಟ ಪತ್ರೊಡೆ ತಣ್ಣಗಾಗಿದೆ. ಆಟಿ ತಿಂಗಳಲ್ಲಿ ಒಂದು ತುಂಡಾದರೂ ತಿನ್ನಬೇಕಂತೆ, ತಿಂದೆ, ಗಂಟಲು ಸ್ವಲ್ಪ ತುರಿಸಿತು. ಫೋನ್ ಸೈಲೆಂಟಿನಲ್ಲಿ ಇದೆಯಾ ಅಂತ ಎರಡು ಸಲ ನೋಡಿದೆ. 'ಹೇಳಿ ಸಿಸ್ಟರ್' ಅಂತ ಮೆಲ್ಲಗೆ ಅಂದು ನೋಡಿದೆ. ನಾಟಕದವರ ಹಾಗೆ ಕೇಳಿತು.

ನಾಳೆ ಸರ್ ಹತ್ತಿರ ಮಾತಾಡಲೇಬೇಕು. ನನಗಿಂತ ಹನ್ನೊಂದು ವರ್ಷ ಹಿರಿಯರು, ಎಳೆಕೂಸಿನ ಕೈಗೆ ಕ್ಯಾನುಲಾ ಹಾಕುವುದನ್ನು ನನಗೆ ಕಲಿಸಿದವರು. 'ಸರ್, ನೀವು ಬೈತೀರಿ' ಅಂತ ಶುರು ಮಾಡಲಾ, 'ನಾವು ಬೈತೇವೆ' ಅಂತಲಾ? ಕಾಫಿಗೆ ಮೊದಲು ಬೇಡ. ಕಾಫಿ ಆದ ಮೇಲೆ ಓಪಿ ಶುರುವಾಗ್ತದೆ. ಮಧ್ಯಾಹ್ನ ಅವರು ಊಟಕ್ಕೆ ಮನೆಗೆ