ಅಪ್ಪನ ಹೆಬ್ಬೆರಳು, ತಮ್ಮನ ಪಿಂಚಣಿ

ಪ್ರತಿ ವರ್ಷ ನವೆಂಬರ್ ಬಂತೆಂದರೆ ಅಂಕೋಲೆಯಲ್ಲಿರುವ ನನ್ನ ಅಪ್ಪ, ತಾನಿನ್ನೂ ಬದುಕಿದ್ದೇನೆಂದು ಸರ್ಕಾರಕ್ಕೆ ತಿಳಿಸಲು ಬ್ಯಾಂಕಿಗೆ ಹೋಗುತ್ತಾನೆ. ಮೊದಲೆಲ್ಲ ಮ್ಯಾನೇಜರರ ಎದುರು ನಿಂತು ಸಹಿ ಹಾಕಿದರೆ ಮುಗಿಯುತ್ತಿತ್ತು. ಈಗ ಯಂತ್ರದ ಮೇಲೆ ಹೆಬ್ಬೆರಳು ಒತ್ತಬೇಕು. ದಶಕಗಳ ಕಾಲ ಸೀಮೆಸುಣ್ಣ ಹಿಡಿದು, ನಿವೃತ್ತಿಯಾದ ಮೇಲೆ ಮತ್ತೆ ಕಾಲು ಶತಮಾನ ತೆಂಗಿನ ಬುಡ ಬಿಡಿಸಿ, ಎಂಬತ್ತನಾಲ್ಕರ ಆ ಹೆಬ್ಬೆರಳಿನ ಗೆರೆಗಳೆಲ್ಲ ಸವೆದುಹೋಗಿವೆ. ಈ ಸಲ ಯಂತ್ರ ಮೂರು ಬಾರಿ ಅವನನ್ನು ಒಪ್ಪಲಿಲ್ಲವಂತೆ. ವಿಡಿಯೋ ಕರೆಯಲ್ಲಿ ಅಪ್ಪ ಇದನ್ನು ನಗುತ್ತಲೇ ಹೇಳುತ್ತಿದ್ದಾಗ, ಇಲ್ಲಿ ಓಹಾಯೋದ ನನ್ನ ಅಡುಗೆಮನೆಯಲ್ಲಿ ಪಕ್ಕದ ಮನೆಯ ಅಜ್ಜಿ ಚಹಾ ಕುಡಿಯುತ್ತ ಕುಳಿತಿದ್ದರು. ನಮ್ಮಿಬ್ಬರ ನಗೆಗೆ ಕಾರಣವೇನೆಂದು ಕೇಳಿದರು, ನಾನು ವಿವರಿಸಿದೆ. ಅವರು ಲೋಟ ಕೆಳಗಿಟ್ಟು, "ನಿಮ್ಮ ಸರ್ಕಾರ ಮನುಷ್ಯ ಬದುಕಿದ್ದಾನೆಯೇ ಎಂದಾದರೂ ಕೇಳುತ್ತದೆ. ನನ್ನ ಗಂಡ ಬದುಕಿಯೇ ಇರಲಿಲ್ಲ ಎನ್ನುವಂತೆ ನನ್ನ ಸರ್ಕಾರ ಹದಿಮೂರು ವರ್ಷ ನಡೆದುಕೊಂಡಿತು" ಎಂದರು.

ಅವರೂ ಅಪ್ಪನಂತೆಯೇ ಶಾಲೆಯ ಮಾಸ್ತರಿಕೆ ಮಾಡಿದವರು. ಮೂರನೆಯ ತರಗತಿಯ ಮಕ್ಕಳಿಗೆ ಮೂವತ್ತೊಂದು ವರ್ಷ ಪಾಠ ಹೇಳಿದ್ದಾರೆ. ಗಂಡ ಆಕ್ರನ್ನಿನ ಟೈರು ಕಾರ್ಖಾನೆಯಲ್ಲಿ ದುಡಿದು, ಸೋಷಿಯಲ್ ಸೆಕ್ಯುರಿಟಿ ಎಂಬ ಇಲ್ಲಿನ ಕೇಂದ್ರ ಸರ್ಕಾರದ ಪಿಂಚಣಿ ಯೋಜನೆಗೆ ಜೀವನವಿಡೀ ಕಂತು ಕಟ್ಟಿ, 2011ರಲ್ಲಿ ತೀರಿಕೊಂಡವರು. ಗಂಡ ಸತ್ತರೆ ಆ ಹಣ ಹೆಂಡತಿಗೆ ಸಲ್ಲಬೇಕು. ಆದರೆ ಓಹಾಯೋದ ಶಿಕ್ಷಕರು ಸೋಷಿಯಲ್ ಸೆಕ್ಯುರಿಟಿಯ ಹೊರಗಿದ್ದಾರೆ, ಅವರಿಗೆ ರಾಜ್ಯದ್ದೇ ಬೇರೆ ಪಿಂಚಣಿ ನಿಧಿಯಿದೆ. ಹೀಗೆ ಸರ್ಕಾರಿ ಪಿಂಚಣಿ ಪಡೆಯುವವರಿಗೆ, ಆ ಪಿಂಚಣಿಯ ಮೂರರಲ್ಲಿ ಎರಡು ಪಾಲಿನಷ್ಟು ಮೊತ್ತವನ್ನು ಗಂಡನ ಅಥವಾ ಹೆಂಡತಿಯ ಪಾಲಿನಿಂದ ಕಳೆಯಬೇಕೆಂಬ ನಿಯಮವೊಂದು 1983ರಿಂದ ಜಾರಿಯಲ್ಲಿತ್ತು. ಶಿಕ್ಷಕಿಯ ಪಿಂಚಣಿ ತಿಂಗಳಿಗೆ 2,400 ಡಾಲರ್ ಎಂದಿಟ್ಟುಕೊಳ್ಳಿ. ಅದರ ಮೂರರಲ್ಲಿ ಎರಡು ಪಾಲು 1,600 ಆಗುತ್ತದೆ. ಗಂಡನಿಂದ ಬರಬೇಕಾದದ್ದು 1,500 ಆಗಿದ್ದರೆ ವಿಧವೆಯ ಕೈಗೆ ಬರುವುದು ಸೊನ್ನೆ. ನಮ್ಮ ಅಜ್ಜಿಗೆ ಬರುತ್ತಿದ್ದದ್ದೂ ಆ ಸೊನ್ನೆಯೇ.

ಇದನ್ನು ತೆಗೆಯಬೇಕೆಂಬ ಮಸೂದೆ ಎರಡು ದಶಕಗಳಿಂದ ಅಮೆರಿಕದ ಸಂಸತ್ತಿನಲ್ಲಿ ಹುಟ್ಟುತ್ತ ಸಾಯುತ್ತ ಬಂದಿತ್ತು. ಅಷ್ಟೂ ಕಾಲ ನಿವೃತ್ತ ಶಿಕ್ಷಕರು, ಪೊಲೀಸರು, ಅಗ್ನಿಶಾಮಕ ದಳದವರು ತಮ್ಮ ತಮ್ಮ ಪ್ರತಿನಿಧಿಗಳಿಗೆ ಬಿಡದೆ ಕಾಗದ ಬರೆದರು. ಅಜ್ಜಿಯ ಬಳಿ ಒಂದು ಬೂಟಿನ ಪೆಟ್ಟಿಗೆಯಿದೆ. ಅದರಲ್ಲಿ ತಾವು ಬರೆದ ಪ್ರತಿಯೊಂದು ಕಾಗದದ ನಕಲನ್ನೂ, ಬಂದ ಪ್ರತಿಯೊಂದು ಒಣ ಉತ್ತರವನ್ನೂ ತಾರೀಕಿನ ಪ್ರಕಾರ ಜೋಡಿಸಿಟ್ಟಿದ್ದಾರೆ. ಮಾಸ್ತರಿಕೆಯ ಚಟ ಎಲ್ಲ ದೇಶಗಳಲ್ಲೂ ಒಂದೇ ಇರಬೇಕು. ಕೊನೆಗೆ ಎರಡೂ ಪಕ್ಷಗಳ ಒಬ್ಬೊಬ್ಬ ಸದಸ್ಯರು, ಅಬಿಗೇಲ್ ಸ್ಪ್ಯಾನ್‌ಬರ್ಗರ್ ಮತ್ತು ಗ್ಯಾರೆಟ್ ಗ್ರೇವ್ಸ್, ಕೆಳಮನೆಯ ಸದಸ್ಯರ 218 ಸಹಿಗಳನ್ನು ಕೂಡಿಸಿ ಮಸೂದೆಯನ್ನು ಮತಕ್ಕೆ ತಂದರು. 2024ರ ನವೆಂಬರ್ 12ರಂದು ಕೆಳಮನೆಯಲ್ಲಿ 327–75, ಡಿಸೆಂಬರ್ 21ರ ನಡುರಾತ್ರಿ ಸೆನೆಟ್‌ನಲ್ಲಿ 76–20 ಮತಗಳಿಂದ ಅದು ಗೆದ್ದಿತು. 2025ರ ಜನವರಿ 5ರಂದು ಅಧ್ಯಕ್ಷ ಬೈಡನ್ ಸಹಿ ಹಾಕಿದರು. ಹಿಂದಿನ ವರ್ಷದ ಜನವರಿಯಿಂದ ಲೆಕ್ಕ ಹಾಕಿದ ಬಾಕಿ ಹಣ ಖಾತೆಗೆ ಬಿದ್ದ ದಿನ ಅಜ್ಜಿ ನಮ್ಮ ಮನೆಗೆ ಒಂದು ಕೇಕು ತಂದುಕೊಟ್ಟಿದ್ದರು. ಈ ಕಾನೂನಿನಿಂದ ಸೋಷಿಯಲ್ ಸೆಕ್ಯುರಿಟಿಯ ನಿಧಿ ಸುಮಾರು ಆರು ತಿಂಗಳು ಬೇಗ ಬರಿದಾಗಲಿದೆ ಎಂಬ ಸರ್ಕಾರಿ ಲೆಕ್ಕವೂ ಅವರಿಗೆ ಗೊತ್ತು. ಆ ಮಾತು ಬಂದಾಗ ಅವರು ಸುಮ್ಮನಾಗುತ್ತಾರೆ.

ಅಪ್ಪನ ಪಿಂಚಣಿಯ ವಿಷಯದಲ್ಲಿ ನನಗೆ ಹೆಮ್ಮೆಯಿತ್ತು, ಆ ದಿನ ಅದನ್ನು ತೋರಿಸಿಯೂ ಬಿಟ್ಟೆ. ಕೊನೆಯ ಮೂಲವೇತನದ ಅರ್ಧದಷ್ಟು ಪಿಂಚಣಿ, ವರ್ಷಕ್ಕೆರಡು ಬಾರಿ ಏರುವ ತುಟ್ಟಿಭತ್ಯೆ, ಅಪ್ಪನ ನಂತರ ಆಯಿಗೆ ಕುಟುಂಬ ಪಿಂಚಣಿ ಎಂದೆಲ್ಲ ಹೇಳಿದೆ. 2017ರಿಂದ ಐದು ವರ್ಷ ಓಹಾಯೋ ಶಿಕ್ಷಕರ ನಿಧಿ ಬೆಲೆಯೇರಿಕೆಯ ಹೆಚ್ಚಳವನ್ನೇ ನಿಲ್ಲಿಸಿದ್ದನ್ನು ಕಂಡಿದ್ದ ಅಜ್ಜಿಯ ಹುಬ್ಬು ಮೇಲೇರಿತು. ಪಿಂಚಣಿಯು ಮಾಲೀಕನ ಮರ್ಜಿಯ ಮೇಲೆ ಸಿಗುವ ಕೃಪೆಯಲ್ಲ, ಅದು ಸಲ್ಲಿಸಿದ ಸೇವೆಗೆ ಸಲ್ಲಬೇಕಾದ ಹಕ್ಕು ಎಂದು 1982ರ ಡಿಸೆಂಬರ್ 17ರಂದು ನಮ್ಮ ಸುಪ್ರೀಂ ಕೋರ್ಟು ನಕಾರಾ ಪ್ರಕರಣದಲ್ಲಿ ಹೇಳಿದೆಯೆಂದೂ, ಆ ದಿನವನ್ನು ನಮ್ಮಲ್ಲಿ ಪಿಂಚಣಿದಾರರ ದಿನವಾಗಿ ಆಚರಿಸುತ್ತಾರೆಂದೂ ಸೇರಿಸಿದೆ. ಎಲ್ಲವನ್ನೂ ಕೇಳಿಸಿಕೊಂಡ ಅವರು, "ಹಾಗಾದರೆ ನಿನ್ನ ತಮ್ಮನಿಗೂ ಇಷ್ಟು ಸಿಗುತ್ತದೆ" ಎಂದರು. ಶಿರಸಿಯಲ್ಲಿ ಪ್ರೌಢಶಾಲೆಯ ಶಿಕ್ಷಕನಾಗಿರುವ ತಮ್ಮನ ಬಗ್ಗೆ ಹಿಂದೊಮ್ಮೆ ನಾನೇ ಅವರಿಗೆ ಹೇಳಿದ್ದೆ.

ಇಲ್ಲ, ಸಿಗುವುದಿಲ್ಲ. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರಿಗೆ ಹಳೆಯ ಪಿಂಚಣಿಯಿಲ್ಲ. ತಮ್ಮ ಸೇರಿದ್ದು 2008ರಲ್ಲಿ. ಅವನ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 10ರಷ್ಟು ಪ್ರತಿ ತಿಂಗಳು ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಯೋಜನೆಯ ಖಾತೆಗೆ ಹೋಗುತ್ತದೆ, ಸರ್ಕಾರ ಈಗ ಶೇ. 14ರಷ್ಟು ಹಾಕುತ್ತದೆ, ಆ ಹಣ ಮಾರುಕಟ್ಟೆಯ ಜೊತೆ ಏರುತ್ತ ಇಳಿಯುತ್ತ ಇರುತ್ತದೆ. ನಿವೃತ್ತಿಯ ದಿನ ಅದರಲ್ಲಿ ಶೇ. 60 ಅವನ ಕೈಗೆ ಬರುತ್ತದೆ, ಉಳಿದ ಶೇ. 40ರಿಂದ ವಿಮಾ ಕಂಪನಿಯೊಂದರಿಂದ, ಕಂತುಕಂತಾಗಿ ಪಿಂಚಣಿ ಕೊಡುವ ವರ್ಷಾಶನ ಕೊಳ್ಳಬೇಕು. ತಿಂಗಳಿಗೆ ಎಷ್ಟು ಬರುತ್ತದೆಂದು ಇವತ್ತು ಯಾರೂ ಅವನಿಗೆ ಹೇಳಲಾರರು. ಒಂದೇ ಮನೆಯಲ್ಲಿ, ಒಂದೇ ಕೆಲಸಕ್ಕೆ, ಅಪ್ಪನಿಗೊಂದು ಮಗನಿಗೊಂದು ವೃದ್ಧಾಪ್ಯ. 2006ರ ಏಪ್ರಿಲ್‌ಗಿಂತ ಮೊದಲಿನ ಅಧಿಸೂಚನೆಯ ಮೇಲೆ ನೇಮಕಗೊಂಡು ತಡವಾಗಿ ಸೇರಿದ ಸುಮಾರು 13,000 ನೌಕರರನ್ನು ಸರ್ಕಾರ 2024ರ ಜನವರಿಯಲ್ಲಿ ಹಳೆಯ ಪಿಂಚಣಿಗೆ ಸೇರಿಸಿಕೊಂಡಾಗ ತಮ್ಮ ತನ್ನ ನೇಮಕದ ಅಧಿಸೂಚನೆಯ ತಾರೀಕನ್ನು ಮತ್ತೆ ತೆಗೆದು ನೋಡಿದ್ದನಂತೆ. ಅದು 2007ರದ್ದು.

ಅವನು ಕಾಗದ ಬರೆದಿದ್ದಾನೆಯೇ ಎಂದು ಅಜ್ಜಿ ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ರಾತ್ರಿ ಅವನಿಗೇ ಫೋನು ಮಾಡಿದೆ. "ಕಾಗದ ಯಾರು ಓದುತ್ತಾರೆ ಅಕ್ಕಾ, ರಸ್ತೆಗಿಳಿದರೇ ಸುದ್ದಿ" ಎಂದ. 2022ರ ಡಿಸೆಂಬರಿನಲ್ಲಿ ಶಿರಸಿಯಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗಿ ಎರಡು ದಿನ ಕುಳಿತು ಬಂದಿದ್ದನೆಂಬುದು ನನಗೆ ತಿಳಿದದ್ದೇ ಆಗ. ರಾಜಸ್ಥಾನ, ಛತ್ತೀಸ್‌ಗಢ, ಹಿಮಾಚಲಗಳು ಹಳೆಯ ಪಿಂಚಣಿಗೆ ಮರಳುತ್ತೇವೆಂದಾಗ ಕರ್ನಾಟಕದಲ್ಲಿಯೂ ಆದೀತೆಂದು ಆಸೆಪಟ್ಟಿದ್ದನಂತೆ. ಕೇಂದ್ರ ನೌಕರರಿಗೆ 2025ರ ಏಪ್ರಿಲ್‌ನಿಂದ, 25 ವರ್ಷ ಸೇವೆ ಸಲ್ಲಿಸಿದರೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲವೇತನದ ಅರ್ಧವನ್ನು ಖಾತರಿಪಡಿಸುವ ಏಕೀಕೃತ ಪಿಂಚಣಿ ಯೋಜನೆ ಬಂದಿರುವುದನ್ನೂ ಅವನೇ ಹೇಳಿದ. ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಹಾಲಕ್ಕಿ ಮುದುಕಿಗೆ ಸಂಧ್ಯಾ ಸುರಕ್ಷೆಯಲ್ಲಿ ಸಿಗುವುದು ತಿಂಗಳಿಗೆ 1,200 ರೂಪಾಯಿ ಮಾತ್ರ, ಅವಳ ಮುಂದೆ ನೌಕರರು ಪಿಂಚಣಿಗಾಗಿ ಕೂಗುವುದು ಸರಿಯೇ ಎಂದು ಕೇಳಿದೆ. ಅವಳಿಗೂ ಹೆಚ್ಚು ಕೊಡಲಿ, ಅವಳ ಹೆಸರು ಹೇಳಿ ನನ್ನದನ್ನು ಕಿತ್ತುಕೊಳ್ಳುವುದು ಬೇಡ ಎಂದ. ತಮ್ಮನ ಮಾತಿನಲ್ಲಿ ಅಷ್ಟು ಖಾರವನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಆಮೇಲೆ ನನ್ನನ್ನು ಕಾಡಿದ್ದು ತಮ್ಮನ ವಿಚಾರವಲ್ಲ, ಅಪ್ಪನದು. ಅಪ್ಪ ಶಿಕ್ಷಕರ ಸಂಘದ ತಾಲೂಕು ಕಾರ್ಯದರ್ಶಿಯಾಗಿದ್ದವನು. 1930ರಲ್ಲಿ ಅಂಕೋಲೆಯ ಕಡಲ ದಂಡೆಯಲ್ಲಿ ಉಪ್ಪು ಮಾಡಿದ ಸತ್ಯಾಗ್ರಹಿಗಳ ಕಥೆಯನ್ನೂ, ಜಮೀನು ಹೋದರೂ ಕರ ಕೊಡದ ರೈತರ ಕಥೆಯನ್ನೂ ಪ್ರತಿ ವರ್ಷ ಮಕ್ಕಳಿಗೆ ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದವನು. ಹೊಸಬರಿಗೆ ಪಿಂಚಣಿಯ ಬಾಗಿಲು ಮುಚ್ಚಿದಾಗ ಅವನಾಗಲಿ, ಅವನ ಓರಗೆಯ ನಿವೃತ್ತರಾಗಲಿ ಏನಾದರೂ ಅಂದದ್ದು ನನ್ನ ನೆನಪಿನಲ್ಲಿಲ್ಲ. ಮನೆಯ ಜಗಲಿಯಲ್ಲಿ ಅವರೆಲ್ಲ ಸೇರಿದಾಗ ನಡೆಯುತ್ತಿದ್ದದ್ದು ವೇತನ ಆಯೋಗದ ಮಾತು, ತುಟ್ಟಿಭತ್ಯೆಯ ಮಾತು. ಮುಂದೆ ಬರುವವರ ಮಾತು ಅಲ್ಲಿ ಬರುತ್ತಿರಲಿಲ್ಲ. ಅಜ್ಜಿಯ ಪೆಟ್ಟಿಗೆಯಲ್ಲಿಯೂ ಹೊಸ ಶಿಕ್ಷಕರಿಗಾಗಿ ಬರೆದ ಕಾಗದಗಳು ಇವೆಯೋ ಇಲ್ಲವೋ, ನಾನು ಕೇಳಿಲ್ಲ.

ಮರುವಾರ ಅಪ್ಪ ಇನ್ನೊಮ್ಮೆ ಬ್ಯಾಂಕಿಗೆ ಹೋದ. ಎಡಗೈಯ ತೋರುಬೆರಳು ಯಂತ್ರಕ್ಕೆ ಒಪ್ಪಿಗೆಯಾಯಿತು. ಆ ಸಂತೋಷದಲ್ಲಿದ್ದಾಗಲೇ, 2006ರಲ್ಲಿ ನಿಮ್ಮ ಸಂಘ ಯಾಕೆ ಸುಮ್ಮನಿತ್ತು ಎಂದು ಕೇಳಿಬಿಟ್ಟೆ. ಫೋನು ಕಡಿದುಹೋಯಿತೇನೋ ಎನ್ನುವಷ್ಟು ಹೊತ್ತು ಅತ್ತಲಿಂದ ಮಾತಿರಲಿಲ್ಲ. ಹಿಂದೆ ಆಯಿ ಪಾತ್ರೆ ತೊಳೆಯುವ ಸದ್ದು ಮಾತ್ರ ಕೇಳುತ್ತಿತ್ತು.

"ಆಗ ನಮ್ಮ ತುಟ್ಟಿಭತ್ಯೆಯ ಬಾಕಿ ಬರುವುದಿತ್ತು ಕೂಸೇ" ಎಂದ ಅಪ್ಪ.